ಜೋಡಿ ಸೈಕಲ್ಲಿನ ಮುಂದಿನ ಸೀಟು

ಭಾನುವಾರ, ಜನವರಿ ೨೧
ಹಿತ್ತಿಲ ಮೆಟ್ಟಿಲ ಮೇಲೆ, ಬಿಸಿಲು ಕಾಯಿಸುತ್ತಾ

ನನ್ನ ಪ್ರೀತಿಯ ಇನ್ಸ್‌ಪೆಕ್ಟರ್ ಮಗಳೇ,

ಹೇಗಿದ್ದೀಯಾ? ಬೆಟ್ಟದ ಚಳಿ ನಿನ್ನನ್ನು ಪೂರ್ತಿ ತಿಂದುಹಾಕಿಲ್ಲ ತಾನೆ? ನಿನ್ನ ಕಾಗದ ಬಂದು ಎಷ್ಟೋ ವಾರವಾಯಿತು. ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ತಪ್ಪಾಯಿತು ಕಣೇ. ಉತ್ತರಪತ್ರಿಕೆಗಳ ಕಟ್ಟು ಊಟದ ಮೇಜನ್ನೇ ಆಕ್ರಮಿಸಿತ್ತು, ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು ಎಂದೆಲ್ಲ ನೆಪ ಹೇಳಬಹುದು. ನಿಜವೇನೆಂದರೆ, ಬರೆಯಲು ಕೈ ಬರಲಿಲ್ಲ. ಫೋನಿನಲ್ಲಾದರೂ ಹೇಳೋಣವೆಂದರೆ ನಿಮ್ಮ ಹವಾಮಾನ ಕೇಂದ್ರಕ್ಕೆ ಲೈನು ಸಿಗುವುದೇ ಅಪರೂಪ. ಸಿಕ್ಕರೂ ‘ಊಟ ಆಯ್ತಾ’ ಅನ್ನುವಷ್ಟರಲ್ಲಿ ಗಾಳಿ ಮಾತನ್ನು ಕಿತ್ತುಕೊಂಡು ಹೋಗುತ್ತದೆ. ಗಾಳಿಯನ್ನು ಅಳೆಯುವ ಕೆಲಸ ಹಿಡಿದವಳಿಗೆ ಗಾಳಿಯದೇ ಕಾಟ!

ಇವತ್ತು ಮಾತ್ರ ಸುದ್ದಿ ಇದೆ. ಎಂಥಾ ಸುದ್ದಿ ಅಂತೀಯಾ! ಮೊದಲು ಕುರ್ಚಿ ಎಳೆದುಕೊಂಡು ಕೂತುಕೋ. ಕೂತೆಯಾ? ಇವತ್ತು ಬೆಳಿಗ್ಗೆ ನಾನೂ ನಿನ್ನ ಅಪ್ಪನೂ ಜೋಡಿ ಸೈಕಲ್ಲಿನಲ್ಲಿ ಹಳ್ಳದ ದಂಡೆಯ ಕಾಡಿಗೆ ಹೋಗಿ ಬಂದೆವು. ಮುಂದಿನ ಸೀಟಿನಲ್ಲಿ ನಾನು. ಹೌದು, ನಾನೇ. ಹ್ಯಾಂಡಲ್ಲು, ಬ್ರೇಕು, ಗಂಟೆ ಎಲ್ಲವೂ ನನ್ನ ಕೈಯಲ್ಲಿ.

ಬೈಯಬೇಡ. ‘ಅಪ್ಪನನ್ನು ರಸ್ತೆಗೆ ಬಿಡಬೇಡ, ಆ ಸೈಕಲ್ಲನ್ನು ಮನೆಯಿಂದಲೇ ತೆಗೆಸಿಬಿಡು’ ಎಂದು ನೀನು ಇನ್ಸ್‌ಪೆಕ್ಟರ್ ಗತ್ತಿನಲ್ಲಿ ಬರೆದದ್ದು ಮರೆತಿಲ್ಲ. ಪೂರ್ತಿ ಓದಿದ ಮೇಲೆ ಬೈಯುವೆಯಂತೆ.

ಮಳೆ ನಿಂತ ಮೇಲೆ ಕಣ್ಣಿನ ಡಾಕ್ಟರು ಹೇಳಿದ್ದನ್ನು ನಿನಗೆ ಆಗಲೇ ತಿಳಿಸಿದ್ದೆ: ಅಪ್ಪನ ಎರಡೂ ಕಣ್ಣುಗಳ ನಡುಭಾಗ ಸವೆಯುತ್ತಿದೆ, ಅದನ್ನು ಹಿಂದಕ್ಕೆ ತರಲು ಆಗದು, ಸುತ್ತಲಿನ ಅಂಚು ಮಾತ್ರ ಉಳಿಯುತ್ತದೆ. ಗೆರೆ ಎಳೆಯುವುದನ್ನು ಮಕ್ಕಳಿಗೆ ಕಲಿಸುತ್ತಲೇ ತಲೆ ನರೆಸಿಕೊಂಡ ಡ್ರಾಯಿಂಗ್ ಮೇಷ್ಟ್ರಿಗೆ ಒಂದು ದಿನ ಗೆರೆಗಳೆಲ್ಲ ಸೊಟ್ಟಗೆ ಕಂಡವಂತೆ. ಸ್ಕೇಲು ಬಾಗಿದೆ ಎಂದುಕೊಂಡು ಹೊಸ ಸ್ಕೇಲು ತಂದರು. ಅದೂ ಸೊಟ್ಟ. ಅಂಗಡಿಯವನಿಗೆ ಬೈದು ಬಂದರು ಪಾಪ.

ನಿನಗೆ ಹೇಳದೆ ಉಳಿದದ್ದು ಆಮೇಲಿನದು. ಅಪ್ಪ ಪಾಲಿಟೆಕ್ನಿಕ್ಕಿನ ಕೆಲಸ ಬಿಟ್ಟರು. ಹಕ್ಕಿ ನೋಡುವ ದುರ್ಬೀನನ್ನು ಅದರ ಚೀಲಕ್ಕೆ ಹಾಕಿ ಬೀರುವಿನ ಮೇಲಿನ ಖಾನೆಗೆ ಸೇರಿಸಿದರು. ಹಿತ್ತಿಲ ಕಡೆಯ ಕಿಟಕಿಯ ಪರದೆ ಎಳೆದರು. ಕಂಬದ ಮೇಲಿನ ಕಾಳಿನ ಹಲಗೆಗೆ ಕಾಳು ಹಾಕುವುದನ್ನೂ ನಿಲ್ಲಿಸಿದರು. ಬೆಳಗಿನಿಂದ ಸಂಜೆಯವರೆಗೆ ರೇಡಿಯೋ ಪಕ್ಕದ ಕುರ್ಚಿ. ರೇಡಿಯೋ ಹಾಕಿದ್ದರೂ ಸರಿ, ಇಲ್ಲದಿದ್ದರೂ ಸರಿ. ಯಾರೊಂದಿಗೂ ಜಗಳವಿಲ್ಲ, ಅದೇ ನನಗೆ ಭಯ. ಜಗಳವಾಡದ ನಿನ್ನ ಅಪ್ಪನನ್ನು ನೀನು ಊಹಿಸಿಕೊಳ್ಳಬಲ್ಲೆಯಾ? ಕಳೆದ ವಾರ ಗುಜರಿಯವನಿಗೆ ತಾವೇ ಫೋನ್ ಮಾಡಿ, ‘ಸೋಮವಾರ ಬಂದು ಜೋಡಿ ಸೈಕಲ್ ತಗೊಂಡು ಹೋಗಪ್ಪಾ’ ಅಂದರು. ನೀನು ಹುಟ್ಟುವ ಮೊದಲು ಎರಡು ಹಳೇ ಸೈಕಲ್ಲುಗಳ ಚೌಕಟ್ಟು ಕತ್ತರಿಸಿ, ಬೆಸುಗೆ ಹಾಕಿಸಿ, ಸ್ವತಃ ಬಣ್ಣ ಬಳಿದ ಸೈಕಲ್ಲು. ಸೋಮವಾರವೆಂದರೆ ನಾಳೆ. ಅದು ಹೋದರೆ ನಿನ್ನ ಅಪ್ಪ ಆ ಕುರ್ಚಿಯಿಂದ ಇನ್ನು ಏಳುವುದಿಲ್ಲ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಹೇಳುತ್ತಿದ್ದರು.

ಏನು ಮಾಡಲಿ? ಸಮಾಧಾನದ ಮಾತು ಆಡಿದರೆ ಅವರಿಗೆ ಆಗುವುದಿಲ್ಲ. ಕವಿತೆ ಓದಿ ಹೇಳಿದರೆ ಗೊರಕೆ ಹೊಡೆಯುತ್ತಾರೆ. ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ದಡ್ಡತನ.

ಗುಜರಿಯವನಿಗೆ ಫೋನ್ ಮಾಡಿದ ದಿನವೇ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದೆ. ಖಾಲಿ ಹಲಗೆಯ ಮೇಲೆ ಯಾವುದೋ ಹಕ್ಕಿ ಬಂದು ಕೂತಿತು. ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಕೂಗಿದೆ: “ರೀ, ಹೊಸದೊಂದು ಬಂದಿದೆ!”

ಒಳಗೆ ಕುರ್ಚಿ ಕಿರುಗುಟ್ಟಿತು.

“ಬೂದು ಬಣ್ಣ ರೀ. ಬೂದು ಅಂದ್ರೆ… ದೀಪ ಆರಿಸಿದ ಮೇಲೆ ಕೋಣೇಲಿ ಸ್ವಲ್ಪ ಹೊತ್ತು ಉಳಿಯುತ್ತಲ್ಲಾ, ಆ ಥರ.”

ಪರದೆಯ ಹಿಂದಿನಿಂದ ಒಂದು ನಿಟ್ಟುಸಿರು.

“ಎದೆ ಮೇಲೆ ಯಾರೋ ಹಳದಿ ದುಃಖ ಚೆಲ್ಲಿದ ಹಾಗೆ…”

“ಲೇ, ಹಳದಿ ದುಃಖ ಅಂದ್ರೆ ಏನೇ? ದುಃಖಕ್ಕೆ ಬಣ್ಣ ಇದೆಯೇನೇ?” ಪರದೆ ಸರಕ್ಕನೆ ಸರಿಯಿತು. “ಕವಿತೆ ಬೇಡ ತಾಯೀ, ಬಾಲ ಹೇಳು, ಬಾಲ!”

“ಬಾಲ ಇದೆ.”

“ಇರದೆ ಇನ್ನೇನು? ಉದ್ದವೋ ಮೋಟೋ? ಸುಮ್ಮನೆ ಇದೆಯೋ ಕುಣಿಸ್ತಾ ಇದೆಯೋ?”

“ಉದ್ದ. ಕುಣಿಸ್ತಾ ಇದೆ, ಮೇಲೆ ಕೆಳಗೆ. ಒಂದು ಗಳಿಗೆ ನಿಲ್ಲಲ್ಲ.”

“ಸಿಪಿಲೆ! ಅಷ್ಟೂ ಗೊತ್ತಾಗಲ್ವಾ ನಿನಗೆ? ಎಮ್ಮೆ ಮಾಡಿದ್ದು ಯಾತಕ್ಕೆ?”

ಎಂ.ಎ. ಅನ್ನು ಅವರು ಎಮ್ಮೆ ಅನ್ನುವುದು ಹಳೆಯ ಹಾಸ್ಯ. ಎಷ್ಟು ತಿಂಗಳಾಗಿತ್ತು ಅದನ್ನು ಕೇಳಿ! ನಾನು ಕ್ಲಿಪ್ಪು ಕಚ್ಚಿಕೊಂಡೇ ನಕ್ಕೆ. ಅಪ್ಪ ಬಾಗಿಲು ಹಿಡಿದು ಮೆಟ್ಟಿಲಿಳಿದು ಬಂದು ಈ ಕಲ್ಲಿನ ಮೇಲೆಯೇ, ನಾನು ಈಗ ಕೂತಿರುವಲ್ಲಿಯೇ, ಕೂತರು.

ಅಂದಿನಿಂದ ಹಿತ್ತಿಲಲ್ಲಿ ನನಗೆ ಪಾಠ ಶುರು. ನಾನು ನೋಡಬೇಕು, ಹೇಳಬೇಕು. ಅವರು ಹೆಸರು ಹಿಡಿಯಬೇಕು. ಗಾತ್ರ ಮೊದಲು: ಗುಬ್ಬಿಗಿಂತ ದೊಡ್ಡದೋ, ಕಾಗೆಗಿಂತ ಚಿಕ್ಕದೋ? ಆಮೇಲೆ ಕೊಕ್ಕು, ಆಮೇಲೆ ಬಾಲ, ಬಣ್ಣ ಕಟ್ಟಕಡೆಗೆ. ಹೋಲಿಕೆ ಕೊಟ್ಟರೆ ಬೈಗುಳ. ‘ಯಾವುದರ ಹಾಗೆ ಇದೆ ಅಂತ ಕೇಳಲಿಲ್ಲ, ಏನಿದೆ ಅಂತ ಕೇಳಿದೆ’ ಅನ್ನುತ್ತಾರೆ. ವರ್ಷಗಟ್ಟಲೆ ತರಗತಿಯಲ್ಲಿ ಉಪಮೆ, ರೂಪಕ ಎಂದು ಕಪ್ಪು ಹಲಗೆ ಸವೆಸಿದವಳಿಗೆ ಇದೊಂದು ಶಿಕ್ಷೆ. ಆದರೆ ಕೇಳು, ಹೋಲಿಕೆ ಬಿಟ್ಟು ಬರೀ ಹಕ್ಕಿಯನ್ನೇ ನೋಡಿದಾಗ ಅದು ಎಷ್ಟು ಹತ್ತಿರ ಬರುತ್ತದೆ! ಪಿಕಳಾರದ ಬಾಲದ ಬುಡದಲ್ಲಿ ಕೆಂಪು ಇದೆಯೆಂದು ನನಗೆ ಈ ವಯಸ್ಸಿನವರೆಗೆ ಗೊತ್ತೇ ಇರಲಿಲ್ಲ. ದಿನಾ ನಮ್ಮ ತಂತಿಯ ಮೇಲೆಯೇ ಕೂರುವ ಹಕ್ಕಿ!

ಗುರುವಾರ ಧೈರ್ಯ ಮಾಡಿ ಕೇಳಿದೆ, “ಸೈಕಲ್ ಹೋಗೋಕೆ ಮುಂಚೆ ಒಂದು ಸಲ ಹಳ್ಳದ ಕಡೆ ಹೋಗಿ ಬರೋಣ್ವಾ?”

“ಮುಂದೆ ಯಾರು ಕೂರೋದು?”

“ನಾನು.”

ನಕ್ಕರು ನೋಡು, ಕೆಮ್ಮು ಬರುವಷ್ಟು ನಕ್ಕರು. ಮದುವೆಯಾದಾಗಿನಿಂದ ನಾನು ಹಿಂದಿನ ಸೀಟಿನವಳು. ಅವರ ಬೆನ್ನು ನೋಡುತ್ತಾ ಪೆಡಲ್ ತುಳಿದವಳು, ಅದೂ ಅರ್ಧ ಸಮಯ ತುಳಿದ ಹಾಗೆ ನಟಿಸಿದವಳು. “ನಿನ್ನ ಹಿಂದೆ ಕೂತು ನಾನು ಸ್ವರ್ಗಕ್ಕೇ ನೇರ ಟಿಕೆಟ್ ತಗೊಳ್ಳೋದು ಸರಿ” ಅಂದರು. ಬೇಡ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಪಕ್ಕದ ಮನೆಯ ಡ್ರೈವರ್ ಮಾಮನೇ ನನಗೆ ಗುರು. ಬಸ್ಸು ಬಿಟ್ಟು ನಿವೃತ್ತಿಯಾದರೂ ಬಾಯಿ ಇನ್ನೂ ಡ್ಯೂಟಿಯಲ್ಲಿದೆ. ಶುಕ್ರವಾರ, ಶನಿವಾರ ಸಂಜೆ ಕಾಲೇಜಿನ ಹಿಂದಿನ ಬಯಲಿನಲ್ಲಿ ನನ್ನ ಹಿಂದಿನ ಸೀಟಿಗೆ ತಾವೇ ಏರಿ, “ಟೀಚರಮ್ಮ, ಇದು ಪುಸ್ತಕ ಅಲ್ಲ, ಪುಟ ತಿರುವಿದ ಹಾಗೆ ಮೆತ್ತಗೆ ತಿರುಗಿಸಿದರೆ ಗೋಡೆಗೆ ಹೋಗ್ತೀವಿ! ನಾನು ಇಷ್ಟು ವರ್ಷ ಬಸ್ಸು ಓಡಿಸಿದೀನಿ, ಜೀವಭಯ ಅಂದ್ರೇನು ಅಂತ ಇವತ್ತು ತಿಳೀತು” ಎಂದು ಕೂಗುತ್ತಿದ್ದರು. ಬಯಲಿನ ಅಂಚಿನಲ್ಲಿ ಅಪ್ಪ ಕೋಟು ಹಾಕಿಕೊಂಡು ನಿಂತು, ಸರಪಳಿಯ ಸದ್ದು ಕೇಳಿಯೇ, “ಗೇರು ಇಳಿಸು! ಇಳಿಸೇ!” ಎಂದು ಅಲ್ಲಿಂದ ಕೂಗುವುದು. ಇಬ್ಬರು ಗುರುಗಳ ನಡುವೆ ನಾನು ಬೆವತುಹೋದೆ, ಆ ಚಳಿಯಲ್ಲೂ.

ಇನ್ನು ಇವತ್ತಿನ ಬೆಳಗು. ಬಿಸಿಲು ಏರಲಿ ಎಂದು ಕಾಯ್ದು ಹೊರಟೆವು. ರಸ್ತೆಯಲ್ಲಿ ಜನವಿರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕೂತಿತ್ತು. ಬಾಯಿ ತೆರೆದರೆ ಹೊಗೆ. ಸೇತುವೆಯ ಬಳಿ ಟಾರು ರಸ್ತೆ ಬಿಟ್ಟು ಹಳ್ಳದ ಪಕ್ಕದ ಕಾಲುದಾರಿಗೆ ಇಳಿದಾಗ ಹ್ಯಾಂಡಲ್ಲನ್ನು ಇನ್ನೂ ಬಿಗಿಯಾಗಿ ಹಿಡಿದೆ. ಜೋಡಿ ಸೈಕಲ್ಲಿನಲ್ಲಿ ಮುಂದಿನವರು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು: ಗುಂಡಿ, ಬೇರು, ಎಡಕ್ಕೆ, ಬ್ರೇಕು. ಹಿಂದಿನವರಿಗೆ ದಾರಿ ಕಾಣದು, ಕಣ್ಣು ಚೆನ್ನಾಗಿದ್ದರೂ ಕಾಣದು. ಮೊದಲ ಬೇರನ್ನು ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ಹಿಂದಿನಿಂದ “ಅಯ್ಯಪ್ಪಾ!” ಎಂಬ ಕೂಗು.

“ಬೇರು ಅಂತ ಬಾಯಲ್ಲಿ ಹೇಳಬೇಕಮ್ಮಾ! ನೀನು ಮನಸ್ಸಲ್ಲಿ ಅಂದುಕೊಂಡ್ರೆ ನನ್ನ ಸೊಂಟಕ್ಕೆ ಹೇಗೆ ಗೊತ್ತಾಗುತ್ತೆ?”

“ಇಷ್ಟು ವರ್ಷ ನೀವು ಹೇಳಿದ್ರಾ? ನನ್ನ ಸೊಂಟ ಲೆಕ್ಕಕ್ಕಿರಲಿಲ್ವಾ?”

“ಹೇಳ್ತಿದ್ದೆ. ನೀನು ಹಾಡು ಗುನುಗ್ತಾ ಇರ್ತಿದ್ದೆ.”

ಎಲೆ ಉದುರಿಸಿಕೊಂಡ ಮರಗಳು, ಅವುಗಳ ನಡುವೆ ಬೆಳಕು ಧಾರಾಳ. ಬೇಸಿಗೆಯಲ್ಲಿ ಅಡಗಿದ್ದ ಗೂಡುಗಳೆಲ್ಲ ಬಯಲಾಗಿವೆ. ಚಕ್ರದಡಿ ತರಗೆಲೆಗಳ ಸದ್ದು ಎಷ್ಟಿತ್ತೆಂದರೆ ಅಪ್ಪ ಆಗಾಗ “ನಿಲ್ಲಿಸು, ನಿಲ್ಲಿಸು” ಅನ್ನುತ್ತಿದ್ದರು. ನಿಂತರೆ ಕಾಡಿನ ಸದ್ದೆಲ್ಲ ಒಮ್ಮೆಗೇ ಕಿವಿಗೆ ಬೀಳುತ್ತಿತ್ತು. ಟಕಟಕ ಟಕ್. “ಮರಕುಟಿಗ, ಬಲಗಡೆ, ಒಣಗಿದ ಕೊಂಬೆ. ಹಸಿ ಕೊಂಬೆಗೆ ಇಷ್ಟು ಸದ್ದು ಬರಲ್ಲ. ಹುಡುಕು” ಅಂದರು. ಹುಡುಕಿದೆ. ಇತ್ತು! ಒಣಗಿದ ಕೊಂಬೆಯೇ! ಆಮೇಲೆ ಒಂದು ಪೊಟರೆಯಲ್ಲಿ ಗೂಬೆ ಕಣ್ಣು ಮುಚ್ಚಿ ಬಿಸಿಲು ಕಾಯಿಸುತ್ತಿತ್ತು. ಅದು ನನಗೇ ಮೊದಲು ಕಂಡದ್ದು, ಯಾರೂ ಹೇಳಿಕೊಡದೆ. ಗಾತ್ರ, ಕೊಕ್ಕು, ಬಾಲ ಎಂದು ಕ್ರಮವಾಗಿ ವರದಿ ಒಪ್ಪಿಸಿದೆ. “ಪಾಸ್” ಅಂದರು. ಮಗಳೇ, ನನ್ನ ಎಂ.ಎ. ಫಲಿತಾಂಶದ ದಿನವೂ ಇಷ್ಟು ಹಿಗ್ಗಿರಲಿಲ್ಲ.

ಹಿಗ್ಗಿದ್ದೇ ಎಡವಟ್ಟಾಯಿತು. ಹಿಂದಿನ ಸೀಟಿನವಳಾಗಿ ನನಗಿದ್ದ ಒಂದೇ ಕೆಲಸ ಅಕ್ಕಪಕ್ಕ ನೋಡುವುದು. ಆ ಚಾಳಿ ಎಲ್ಲಿಗೆ ಹೋಗುತ್ತದೆ? ಹಳ್ಳ ಬಾಗುವ ಜಾಗದಲ್ಲಿ, ನೀನು ಚಿಕ್ಕವಳಿದ್ದಾಗ ಚಪ್ಪಲಿ ಕಳೆದುಕೊಂಡೆಯಲ್ಲಾ ಅಲ್ಲೇ, ನೀರಿನ ಮೇಲೆ ನೀಲಿಯೊಂದು ಛಕ್ಕನೆ ಹಾದುಹೋಯಿತು. “ಮಿಂಚುಳ್ಳಿ!” ಎಂದು ಕಿರುಚಿ ಅತ್ತ ನೋಡಿದೆ. ನೋಡುತ್ತಲೇ ಇದ್ದೆ. ಮುಂದಿನ ಸೀಟಿನವರ ಕಣ್ಣು ಎಲ್ಲಿಗೆ ಹೋಗುತ್ತದೋ ಸೈಕಲ್ಲೂ ಅಲ್ಲಿಗೇ ಹೋಗುತ್ತದೆಂದು ಡ್ರೈವರ್ ಮಾಮ ಎರಡು ದಿನ ಬಾಯಿ ಬಡಿದುಕೊಂಡಿದ್ದರು. ಹೋಯಿತು. ದಂಡೆ ಇಳಿದು, ಜೊಂಡು ಸೀಳಿಕೊಂಡು, ಸೀದಾ ಹಳ್ಳಕ್ಕೆ. “ಬ್ರೇಕು” ಎಂದು ನಾನು ಕೂಗಿದ್ದು ನಿಜ. ಕೂಗಿದೆ ಅಷ್ಟೇ, ಹಿಡಿಯಲಿಲ್ಲ.

ಹೆದರಬೇಡ! ನೀರು ಮೊಣಕಾಲಿನಷ್ಟು. ಕೆಳಗೆ ಮೆತ್ತನೆಯ ಕೆಸರು. ಇಬ್ಬರಿಗೂ ಒಂದು ಗೀರು ಕೂಡ ಆಗಿಲ್ಲ. ನಾನು ಎದ್ದು ನಿಂತು ನೋಡಿದರೆ ಅಪ್ಪ ನೀರಿನಲ್ಲೇ ಕೂತಿದ್ದಾರೆ, ಸೈಕಲ್ಲಿನ ಹಿಂದಿನ ಹ್ಯಾಂಡಲ್ ಇನ್ನೂ ಕೈಯಲ್ಲಿದೆ, ಟೋಪಿಯಿಂದ ನೀರು ಸುರಿಯುತ್ತಿದೆ. ಬಾಯಿಗೆ ಬಂದ ಹಾಗೆ ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಏನು ಗೊತ್ತಾ?

“ಎಲ್ಲಿದೆ? ಹೋಯ್ತಾ?”

ಹೋಗಿರಲಿಲ್ಲ. ಆಚೆ ದಡದಿಂದ ನೀರಿನ ಮೇಲೆ ಬಾಗಿದ ಕೊಂಬೆಯ ತುದಿಯಲ್ಲಿ, ಈ ಎರಡು ದೊಡ್ಡ ಮೀನುಗಳು ಯಾವ ಜಾತಿಯವಪ್ಪಾ ಎಂಬಂತೆ ನಮ್ಮನ್ನೇ ನೋಡುತ್ತಾ ಕೂತಿತ್ತು. (ಹೋಲಿಕೆ ಬಂತು, ಕ್ಷಮಿಸು.) ಪಿಸುಗುಟ್ಟಿದೆ: “ನಿಮ್ಮ ನೇರಕ್ಕೆ, ನೀರಿನಿಂದ ಆಳೆತ್ತರ, ಒಬ್ಬಂಟಿ ಕೊಂಬೆ.”

ಅಪ್ಪ ಮುಖವನ್ನು ಬೇರೆ ಕಡೆಗೆ ತಿರುಗಿಸಿದರು, ಕೆಳಗೆ ಹರಿಯುವ ನೀರಿನತ್ತ. “ಅಲ್ಲಲ್ಲ ರೀ, ಇತ್ತ ಕಡೆ” ಅಂದೆ. “ಸುಮ್ಮನಿರು” ಅಂದರು. ನೀರಿನಲ್ಲೇ ನಿಂತೆ, ಕಾಲು ಮರಗಟ್ಟುತ್ತಿತ್ತು. ಹಕ್ಕಿ ಕೊಂಬೆ ಬಿಟ್ಟಿತು. ನೀರಿಗೆ ಬಿತ್ತು. ಎದ್ದು ಹೋಯಿತು.

“ಕಂಡಿತು!” ಎಂದು ಅಪ್ಪ ಕಿರುಚಿದರು. “ಕಂಡಿತು ಕಣೇ! ನೀಲಿ! ಹೀಗೆ ಬಿತ್ತು, ಹೀಗೆ ಹೋಯಿತು!” ಎಂದು ಕೈಯಿಂದ ಗಾಳಿಯಲ್ಲಿ ಗೆರೆ ಎಳೆದರು. ಸೊಟ್ಟಗಿಲ್ಲದ ಗೆರೆ. ನಡುಕಣ್ಣಿಗೆ ಕಾಣದ್ದು ಅಂಚಿಗೆ ಕಾಣುತ್ತದಂತೆ, ಅದರಲ್ಲೂ ಚಲಿಸುವುದು ಚೆನ್ನಾಗಿ ಕಾಣುತ್ತದಂತೆ. ನೇರ ನೋಡಿದರೆ ಮಾಯ, ಓರೆಯಲ್ಲಿ ನೋಡಿದರೆ ಹಾಜರು. ಹಿತ್ತಿಲಿನಲ್ಲಿ ಕದ್ದುಮುಚ್ಚಿ ಅಭ್ಯಾಸ ಮಾಡುತ್ತಿದ್ದರಂತೆ, ನನಗೆ ಹೇಳಿರಲಿಲ್ಲ.

ಆಮೇಲಿನದು ಬರೀ ನಗು. ದಂಡೆಯ ಬಂಡೆಯ ಮೇಲೆ ಬಿಸಿಲಿಗೆ ಕೂತು, ಕಾಲುಚೀಲಗಳನ್ನು ಹಿಂಡಿ ಹ್ಯಾಂಡಲ್ಲಿಗೆ ನೇತುಹಾಕಿ, ಫ್ಲಾಸ್ಕಿನ ಚಹಾ ಕುಡಿದೆವು. ನಾಯಿ ಅಡ್ಡಾಡಿಸಲು ಬಂದ ಹೆಂಗಸೊಬ್ಬಳು ನಮ್ಮನ್ನು ನೋಡಿ, “ಈ ಚಳೀಲಿ ಈಜೋಕೆ ಬಂದಿದ್ರಾ?” ಅಂದಳು. “ಇಲ್ಲಮ್ಮಾ, ನಮ್ಮ ಡ್ರೈವರು ಶಾರ್ಟ್‌ಕಟ್ ತಗೊಂಡ್ರು” ಅಂದರು ಅಪ್ಪ. ನಾಯಿ ಅವರ ಕಾಲುಚೀಲ ಕದಿಯಲು ನೋಡಿತು. ಅಪ್ಪ ನಾಯಿಯೊಂದಿಗೆ ಜಗಳವಾಡಿದರು. ಜಗಳ, ಮಗಳೇ! ನನಗೆ ಕೈಮುಗಿಯಬೇಕೆನಿಸಿತು.

ಮನೆಗೆ ಬಂದವರು ಬಟ್ಟೆ ಕೂಡ ಬದಲಿಸದೆ ಗುಜರಿಯವನಿಗೆ ಫೋನ್ ಮಾಡಿದರು: “ಸೈಕಲ್ ಕೊಡಲ್ಲ ಕಣಪ್ಪಾ. ಇಲ್ಲ, ಬೇರೆಯವರಿಗೂ ಕೊಟ್ಟಿಲ್ಲ. ಅದು ಓಡ್ತಾ ಇದೆ. ಸರಿಯಾದ ದಾರೀಲಿ ಓಡ್ತಾ ಇಲ್ಲ, ಅದು ಬೇರೆ ವಿಷಯ.” ಈಗ ಬಿಸಿನೀರಿನಲ್ಲಿ ಮಿಂದು, ಹಿತ್ತಿಲಲ್ಲಿ ನನ್ನಿಂದ ಸ್ವಲ್ಪ ದೂರದಲ್ಲಿ ಕೂತು, ಚಕ್ರದ ಕೆಸರು ಒರೆಸುತ್ತಿದ್ದಾರೆ. ಹಲಗೆಗೆ ಕಾಳು ಬಿದ್ದಿದೆ. ಗುಬ್ಬಿಗಳ ಗಲಾಟೆ. ಡ್ರೈವರ್ ಮಾಮ ಗೋಡೆಯ ಮೇಲೆ ಮೊಣಕೈ ಊರಿ ಅಪಘಾತದ ವಿಚಾರಣೆ ನಡೆಸುತ್ತಿದ್ದಾರೆ. ಮುಂದಿನ ಭಾನುವಾರ ಮತ್ತೆ ಹೋಗುವುದೆಂದು ಅಪ್ಪ ತೀರ್ಮಾನಿಸಿಯೂ ಆಯಿತು. ಈಗ ಬೈಯುವುದಿದ್ದರೆ ಬೈಯಿ. ಇಬ್ಬರಿಗೂ ಸಮನಾಗಿ ಹಂಚು.

ಬೆಚ್ಚಗಿರು. ಹೊತ್ತಿಗೆ ಸರಿಯಾಗಿ ಉಣ್ಣು. ಗಾಳಿ ಅಳೆಯಲು ಗೋಪುರ ಏರುವಾಗ ಕಂಬಿ ಬಿಡಬೇಡ. ನೀನು ಹಿಡಿದ ಕೆಲಸ ಕೈಗೂಡಲಿ, ಅಲ್ಲಿನ ಆಕಾಶ ನಿನಗೆ ಒಳ್ಳೆಯದನ್ನೇ ತರಲಿ. ಅಪ್ಪ ಕೆಸರು ಕೈಯಲ್ಲೇ ಆಶೀರ್ವಾದ ಕಳಿಸುತ್ತಿದ್ದಾರೆ. ಕಾಗದದ ಅಂಚಿನ ಕಲೆ ಅದೇ.

ಇಂತಿ,
ಮುಂದಿನ ಸೀಟಿನ
ಅಮ್ಮ

ಮರೆತ ಮಾತು: ಮೇಲಿನದನ್ನೆಲ್ಲ ಅಪ್ಪನಿಗೆ ಓದಿ ಹೇಳಿದ್ದೇನೆ. ಇದನ್ನು ಓದುವುದಿಲ್ಲ. ಬಂಡೆಯ ಮೇಲೆ ಕೂತಿದ್ದಾಗ ತಮಾಷೆಗೆ ಕೇಳಿದೆ, “ಹಾಗಾದ್ರೆ ನಾನು ಎಲ್ಲಿ ಕಾಣ್ತೀನಿ?” ಅವರೂ ತಮಾಷೆಯಾಗಿಯೇ ಹೇಳಿದರು, “ಆ ಮರದ ಕಡೆ ನೋಡಿದ್ರೆ ನೀನು ಬರ್ತೀಯ. ನಿನ್ನ ಶಾಲು ಬರುತ್ತೆ, ಕೈ ಆಡಿಸೋದು ಬರುತ್ತೆ. ಮುಖ ಮಾತ್ರ ಬರಲ್ಲ.” ಯಾವಾಗಿನಿಂದ ಎಂದೆ. ನೀನು ಬೆಟ್ಟಕ್ಕೆ ಹೊರಡುವ ಮುಂಚಿನಿಂದಲೇ ಅಂತೆ. ಬಸ್ಸಿನ ಹತ್ತಿರ ಅಪ್ಪ ನಿನ್ನ ಕಿಟಕಿ ಬಿಟ್ಟು ಪಕ್ಕದ ಕಿಟಕಿಯ ಹೆಂಗಸಿಗೆ ಕೈಬೀಸುತ್ತಾ ನಿಂತಿದ್ದರಲ್ಲಾ, ನೀನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವಲ್ಲಾ, ಆಗಲೇ. “ಬಿಡು, ನಿನಗೆ ಇನ್ನು ವಯಸ್ಸಾಗಲ್ಲ” ಎಂದು ನಗುತ್ತಿದ್ದರು. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಿನ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಿದ್ದೆ. ಇನ್ನು ಈ ಮುಖದಲ್ಲಿ ಏನು ಬದಲಾದರೂ ಈ ಮನೆಯಲ್ಲಿ ಅದನ್ನು ನೋಡುವವಳು ನಾನೊಬ್ಬಳೇ. ನೀನು ರಜೆಗೆ ಬಂದಾಗ ಅಪ್ಪ ನಿನ್ನ ಕಿವಿಯಾಚೆಗೆ ನೋಡುತ್ತಾ ಮಾತನಾಡಿದರೆ, ಹಿಂದೆ ಯಾರಿದ್ದಾರೆ ಎಂದು ತಿರುಗಬೇಡ ಕಂದಾ. ನಿನ್ನನ್ನೇ ನೋಡುತ್ತಿರುತ್ತಾರೆ.